ವೈಟ್‌ಫೀಲ್ಡಿನ ಒಳವೃತ್ತ: ಒಂದು ಇಗರ್ಜಿ, ಒಂದು ಬಯಲು

ವೈಟ್‌ಫೀಲ್ಡ್ ಎಂಬ ಹೆಸರು ಹೇಗೆ ಬಂತು ಎಂದು ಪ್ರತಿವರ್ಷ ನನ್ನ ಒಂಬತ್ತನೇ ತರಗತಿಯ ಮಕ್ಕಳನ್ನು ಕೇಳುತ್ತೇನೆ. ಬರುವ ಉತ್ತರಗಳು ಮೂರು. ಬಿಳಿಯರ ಹೊಲ ಇತ್ತು, ಅದಕ್ಕೆ. ಇಲ್ಲಿಯ ಮಣ್ಣು ಬಿಳಿ ಇತ್ತು, ಅದಕ್ಕೆ. ಮೂರನೆಯದು ಕಳೆದ ವರ್ಷ ಒಬ್ಬ ಹುಡುಗ ಕೊಟ್ಟದ್ದು: ‘ಇಲ್ಲಿ ಹತ್ತಿ ಬೆಳೀತಿದ್ರು ಸಾರ್.’ ಮಣ್ಣಿನ ವಿಚಾರದಲ್ಲಿ ಅವನ ಕಾಲ ಕೆಳಗೇ ಸಾಕ್ಷಿ ಇತ್ತು. ಶಾಲೆಯ ಮೈದಾನದ ಕೆಮ್ಮಣ್ಣು ಅವನ ಬಿಳಿ ಸಾಕ್ಸಿಗೆ ಮೆತ್ತಿಕೊಂಡಿತ್ತು.

ಉತ್ತರ ಬಹಳ ಸರಳ. ವೈಟ್ ಎಂಬುದು ಒಬ್ಬ ಮನುಷ್ಯನ ಹೆಸರು. ಡಿ. ಎಸ್. ವೈಟ್ ಅಂತ. ಆ ಮನುಷ್ಯನ ಕನಸಿನ ಊರು ಹೇಗೆ ಹುಟ್ಟಿತು, ಏನಾಯಿತು, ಅದರ ನಡುವಿನ ಸಣ್ಣ ಇಗರ್ಜಿ ಮತ್ತು ದುಂಡನೆಯ ಬಯಲು ಹೇಗಿವೆ ಎಂದು ನೋಡಲು ಈ ವರ್ಷ ಮೂವತ್ತೆರಡು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅದರ ಕತೆಯೇ ಇದು. ನಡುವೆ ನನ್ನದೂ ಸ್ವಲ್ಪ ಬರುತ್ತದೆ, ಸಹಿಸಿಕೊಳ್ಳಬೇಕು.

ಹೊರಡುವ ಮುಂಚೆಯೇ ಒಂದು ವಿಘ್ನ. ಪೋಷಕರ ಸಭೆಯಲ್ಲಿ ಒಬ್ಬರು ಎದ್ದು ನಿಂತು, ‘ಸಾರ್, ವಿಜ್ಞಾನದ ಮೇಷ್ಟ್ರು ನೀವು. ಚರ್ಚ್ ನೋಡೋದ್ರಿಂದ ಎಷ್ಟು ಮಾರ್ಕ್ಸ್ ಬರುತ್ತೆ?’ ಎಂದರು. ಪ್ರಶ್ನೆ ತಪ್ಪೇನಲ್ಲ. ಹೊಟ್ಟೆಬಟ್ಟೆ ಕಟ್ಟಿ ಫೀಸು ತೆರುವವರು ಕೇಳಲೇಬೇಕಾದದ್ದು. ನಾನು, ‘ಒಂದೂ ಬರುವುದಿಲ್ಲ. ಆದರೆ ವೃತ್ತದ ಪರಿಧಿ, ಬಾಷ್ಪೀಭವನ, ಅಂತರ್ಜಲ ಮೂರು ಪಾಠ ಅಲ್ಲೇ ಮುಗಿಸುತ್ತೇನೆ’ ಎಂದೆ. ಸಭೆ ಅರೆಮನಸ್ಸಿನಿಂದ ಒಪ್ಪಿತು. ಪ್ರಶ್ನೆ ಕೇಳಿದವರು ಮಾತ್ರ, ‘ಹಂಗಾದ್ರ ನಾನೂ ಬರ್ತೀನಿ, ಆವತ್ತು ನನಗ ರಜಾ ಐತಿ’ ಎಂದರು. ಯಾದಗಿರಿ ಕಡೆಯವರು, ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುತ್ತಾರೆ. ಮೊದಲ ಪ್ರಶ್ನೆ ಬೆಂಗಳೂರು ಕನ್ನಡದಲ್ಲಿ ಬಂತು, ಎರಡನೆಯ ಮಾತು ಅವರ ಸ್ವಂತ ಕನ್ನಡದಲ್ಲಿ. ಅವರು ಸಿಟ್ಟಿಗೆದ್ದಿಲ್ಲ ಎಂಬುದು ನನಗೆ ಆಗ ಖಾತ್ರಿಯಾಯಿತು.

ಕಾಡುಗೋಡಿಯ ಮೆಟ್ರೋ ನಿಲ್ದಾಣದಿಂದ ನಮ್ಮ ನಡಿಗೆ ಶುರು. ಕೆ.ಆರ್. ಪುರದಿಂದ ಇಲ್ಲಿಗೆ ಮೆಟ್ರೋ ಬಂದದ್ದು 2023ರ ಮಾರ್ಚ್‌ನಲ್ಲಿ. ಅದರ ಪಕ್ಕದ ರೈಲುದಾರಿ ಮಾತ್ರ 1864ರಷ್ಟು ಹಳೆಯದು. ಬೆಂಗಳೂರಿನ ದಂಡು ಪ್ರದೇಶವನ್ನು ಜೋಲಾರಪೇಟೆಗೆ, ಅಲ್ಲಿಂದ ಮದ್ರಾಸಿಗೆ ಜೋಡಿಸಿದ ದಾರಿ ಅದು. ವೈಟ್‌ಫೀಲ್ಡ್ ಊರು ಹುಟ್ಟುವ ಮೊದಲೇ ಅದರ ರೈಲು ಹುಟ್ಟಿತ್ತು ಎಂಬುದನ್ನು ಗಮನಿಸಿ. ರೈಲು ಇಲ್ಲದಿದ್ದರೆ ಬಹುಶಃ ಈ ಊರೇ ಇರುತ್ತಿರಲಿಲ್ಲ.

ಮೈಸೂರು ಸಂಸ್ಥಾನವನ್ನು ಬ್ರಿಟಿಷರು ಐವತ್ತು ವರ್ಷ ತಾವೇ ಆಳಿ, 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜ ಒಡೆಯರಿಗೆ ಹಿಂತಿರುಗಿಸಿದರು. ರಂಗಾಚಾರ್ಲು ಅವರು ದಿವಾನರು. ಅದಾದ ಮರುವರ್ಷವೇ, 1882ರಲ್ಲಿ, ಮಹಾರಾಜರು ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಜಮೀನನ್ನು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘದ ಮೈಸೂರು-ಕೊಡಗು ಶಾಖೆಗೆ ಕೊಟ್ಟರು. ವೈಟ್ ಈ ಸಂಘದ ಹಿಂದಿದ್ದ ಮುಖ್ಯ ವ್ಯಕ್ತಿ.

ಯುರೇಷಿಯನ್ ಎಂದರೆ ಯಾರು? ತಂದೆಯ ಕಡೆ ಐರೋಪ್ಯ ರಕ್ತ, ತಾಯಿಯ ಕಡೆ ಭಾರತೀಯ ರಕ್ತ ಬೆರೆತ ಕುಟುಂಬಗಳವರು. 1911ರ ಜನಗಣತಿಯಿಂದ ಸರ್ಕಾರ ಇವರನ್ನೇ ‘ಆಂಗ್ಲೋ-ಇಂಡಿಯನ್’ ಎಂದು ಕರೆಯತೊಡಗಿತು. ಅದಕ್ಕೆ ಮೊದಲು ಆ ಹೆಸರು ಭಾರತದಲ್ಲಿ ನೌಕರಿಗಿದ್ದ ಇಂಗ್ಲಿಷರದಾಗಿತ್ತು. ರೈಲ್ವೆ, ತಂತಿ ಇಲಾಖೆ, ಸುಂಕದ ಕಟ್ಟೆ ಇವೇ ಈ ಜನರ ಅನ್ನ. ದೊಡ್ಡ ಹುದ್ದೆ ಇಂಗ್ಲಿಷರಿಗೆ ಮೀಸಲು, ಸಣ್ಣ ಹುದ್ದೆಗಳಿಗೆ ಓದಿದ ಭಾರತೀಯರ ಪೈಪೋಟಿ. ಇಬ್ಬರ ನಡುವೆ ಸಿಕ್ಕಿಕೊಂಡವರಿಗೆ ‘ನೌಕರಿ ನಂಬಬೇಡಿ, ನೆಲ ಹಿಡಿಯಿರಿ’ ಎಂದವನು ವೈಟ್. ಈ ಮಾತನ್ನು ನಾನು ಮಕ್ಕಳಿಗೆ ಹೇಳುವಾಗ ಸುತ್ತ ಹತ್ತು ಅಂತಸ್ತಿನ ಗಾಜಿನ ಕಟ್ಟಡಗಳು. ನೆಲ ಮಾರಿ ನೌಕರಿ ಹಿಡಿದವರ ಮಕ್ಕಳೇ ನನ್ನ ಎದುರು ನಿಂತಿದ್ದರು.

3,900 ಎಕರೆ ಎಂದರೆ ಎಷ್ಟು? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಂದು ಎಕರೆಗೆ ಸುಮಾರು 4,047 ಚದರ ಮೀಟರ್. ಗುಣಿಸಿದರೆ ಹದಿನೈದೂಮುಕ್ಕಾಲು ಚದರ ಕಿಲೋಮೀಟರ್‌ಗಿಂತ ತುಸು ಹೆಚ್ಚು. ಅಷ್ಟು ಜಮೀನನ್ನು ಒಂದೇ ವೃತ್ತವಾಗಿ ಬರೆದರೆ ಅದರ ತ್ರಿಜ್ಯ ಎರಡೂಕಾಲು ಕಿಲೋಮೀಟರ್ ಹತ್ತಿರ ಬರುತ್ತದೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಊರಿನ ಇನ್ನೊಂದು ತುದಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದ್ದು 332 ಎಕರೆಯಲ್ಲಿ. ಅಂಥವು ಹನ್ನೊಂದು ಈ ಜಾಗದಲ್ಲಿ ಹಿಡಿಸುತ್ತಿದ್ದವು.

ಆ ವಿಸ್ತಾರದ ನಡುವೆ ಊರಿಗೆಂದು ಹಾಕಿದ ನಕ್ಷೆಯೇ ಒಳವೃತ್ತ. ಇಂದಿಗೂ ಜನ ಅದನ್ನು ‘ಇನ್ನರ್ ಸರ್ಕಲ್’ ಎಂದೇ ಕರೆಯುತ್ತಾರೆ. ಹೊರಗೊಂದು ‘ಔಟರ್ ಸರ್ಕಲ್’ ಕೂಡ ಇದೆ. ನಡುವೆ ಸಾರ್ವಜನಿಕ ಬಯಲು. ಬಯಲಿನ ಸುತ್ತ ದುಂಡನೆಯ ರಸ್ತೆ. ರಸ್ತೆಯ ಆಚೆ ಬದಿಗೆ ಬಯಲಿಗೆ ಮುಖಮಾಡಿ ಮನೆಗಳು, ಪ್ರತಿ ಮನೆಗೂ ಹಿಂದೆ ಮುಂದೆ ಧಾರಾಳ ತೋಟ. ಆ ಮಗ್ಗುಲಲ್ಲೇ ಇಗರ್ಜಿ.

ಮುಖ್ಯರಸ್ತೆಯಿಂದ ಒಳಕ್ಕೆ ತಿರುಗಿದಾಗ ಮಕ್ಕಳ ಮಾತು ಸ್ವಲ್ಪ ತಗ್ಗಿತು. ನಾನು ಹೇಳಿ ತಗ್ಗಿಸಿದ್ದಲ್ಲ. ಹಿಂದಿನ ರಸ್ತೆಯಲ್ಲಿ ಲಾರಿ, ಬಸ್ಸು, ಹಾರನ್ನುಗಳಿಗೆ ಎದುರಾಗಿ ಕೂಗಿಕೊಂಡು ಮಾತಾಡುತ್ತಿದ್ದವರಿಗೆ ಈಗ ಕೂಗುವ ಅಗತ್ಯ ಇರಲಿಲ್ಲ, ಅಷ್ಟೆ. ಪ್ರಯೋಗಶಾಲೆಯ ಉಷ್ಣಮಾಪಕ ಒಂದನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟಿದ್ದೆ. ಮುಖ್ಯರಸ್ತೆಯ ಬಸ್ ತಂಗುದಾಣದ ನೆರಳಲ್ಲಿ ಐದು ನಿಮಿಷ, ಒಳವೃತ್ತದ ಮರದ ನೆರಳಲ್ಲಿ ಐದು ನಿಮಿಷ. ಎರಡೂ ನೆರಳೇ. ಆದರೂ ಪಾದರಸ ಕೆಳಗಿಳಿದದ್ದು ಕಣ್ಣಿಗೇ ಕಾಣುವಂತಿತ್ತು. ‘ನೆರಳು ನೆರಳೇ ಅಲ್ವಾ ಸಾರ್?’ ಎಂದಳು. ತಗಡಿನ ನೆರಳು ಬಿಸಿಲನ್ನು ತಡೆದು ತಾನೇ ಕಾದು, ಆ ಶಾಖವನ್ನು ಕೆಳಗಿದ್ದವರ ತಲೆಯ ಮೇಲೆ ಸುರಿಯುತ್ತದೆ. ಮರ ತನ್ನ ಎಲೆಗಳಿಂದ ನೀರನ್ನು ಆವಿಯಾಗಿ ಬಿಡುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಐನೂರ ನಲವತ್ತಕ್ಕೂ ಹೆಚ್ಚು ಕ್ಯಾಲೊರಿ ಶಾಖ ಬೇಕು. ಅದನ್ನು ಅದು ಎಲೆಯಿಂದ, ಸುತ್ತಲ ಗಾಳಿಯಿಂದ ಹೀರುತ್ತದೆ. ಗಡಿಗೆಯ ನೀರು ತಣ್ಣಗಾಗುವ ಲೆಕ್ಕವೇ. ಇದು ಪುಸ್ತಕದಲ್ಲಿದೆ. ಅವಳು ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದಿದ್ದಳು ಕೂಡ. ಆದರೆ ಪ್ರಶ್ನೆ ಕೇಳಿದ್ದು ಮಾತ್ರ ಆವತ್ತು.

ಆಮೇಲೆ ಪರಿಧಿಯನ್ನು ಅಳೆಯುವ ಕೆಲಸ. ಮಕ್ಕಳನ್ನು ಎರಡು ಗುಂಪು ಮಾಡಿದೆ. ಒಂದು ಗುಂಪು ದುಂಡು ರಸ್ತೆಯಲ್ಲಿ ಸುತ್ತುಹೊಡೆದು ಹೆಜ್ಜೆ ಎಣಿಸಬೇಕು. ಇನ್ನೊಂದು ಬಯಲನ್ನು ಅಡ್ಡ ಹಾಯ್ದು ವ್ಯಾಸವನ್ನು ಎಣಿಸಬೇಕು. ಭಾಗಿಸಿದರೆ ಪೈ ಬರಬೇಕಲ್ಲ! ಬಂದದ್ದು 2.7. ಗುಂಪುಗಳು ಪರಸ್ಪರ ಆರೋಪಕ್ಕೆ ಇಳಿದವು. ಕಾರಣ ಹುಡುಕಿದಾಗ ಗೊತ್ತಾದದ್ದು ಇದು: ಸುತ್ತು ಹೊಡೆಯುವ ಗುಂಪಿನ ಎಣಿಕೆದಾರ ಅರ್ಧದಾರಿ ಓಡಿದ್ದ. ಓಡುವ ಹೆಜ್ಜೆ ಉದ್ದ, ಎಣಿಕೆ ಕಡಿಮೆ. ಎರಡನೆಯ ಸಲ ಸರಿಯಾಗಿ ನಡೆದಾಗ ಮೂರನ್ನು ದಾಟಿತು. ಇಷ್ಟಾಗಿ ಅದು ಕೈವಾರದಿಂದ ಬರೆದ ಶುದ್ಧ ವೃತ್ತವೇನೂ ಅಲ್ಲ. ಹೆಜ್ಜೆ ಎಷ್ಟು ಬಂತು ಎಂದು ಇಲ್ಲಿ ಬರೆಯುವುದಿಲ್ಲ. ಒಂದು ಭಾನುವಾರ ಹೋಗಿ ನೀವೇ ಎಣಿಸಿ. ಓಡಬೇಡಿ.

ಇಗರ್ಜಿಯ ಹೆಸರು ಮೆಮೋರಿಯಲ್ ಚರ್ಚ್. ಊರು ಹುಟ್ಟಿ ನಾಲ್ಕು ವರ್ಷಕ್ಕೆ, 1886ರಲ್ಲಿ ಎದ್ದದ್ದು. ಯಾರ ಸ್ಮಾರಕ ಎಂದರೆ, ಮೊದಮೊದಲು ಇಲ್ಲಿ ಬಂದು ನೆಲೆಯೂರಿದ ಕುಟುಂಬಗಳದು. ಆಗ ಆಂಗ್ಲಿಕನ್ ಪಂಥದ್ದು. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರ ಕಳೆದ ಮೇಲೆ, ದಕ್ಷಿಣ ಭಾರತದ ಹಲವು ಪ್ರಾಟೆಸ್ಟಂಟ್ ಪಂಥಗಳು ಒಂದಾಗಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಅಂದಿನಿಂದ ಆ ಸಭೆಯದು. ಬೆಂಗಳೂರು ದಂಡಿನ ಕಡೆಯ ದೊಡ್ಡ ಇಗರ್ಜಿಗಳನ್ನು ನೋಡಿದವರಿಗೆ ಇದು ಸಣ್ಣದು ಅನಿಸುತ್ತದೆ. ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಇಗರ್ಜಿಯನ್ನು ನೆನೆಸಿಕೊಳ್ಳಿ. ಅದು ಬೆಂಗಳೂರಿನಲ್ಲಿದ್ದ ಸ್ಕಾಟ್ ಜನರಿಗಾಗಿ 1866ರಲ್ಲಿ ಆದದ್ದು. ಎತ್ತರದ ಗೋಪುರ, ಗಡಿಯಾರ, ಠೀವಿ. ಅದು ಪಡೆಯ ಇಗರ್ಜಿ. ಇದು ಊರ ಇಗರ್ಜಿ. ಊರಿಗೆ ತಕ್ಕಷ್ಟೇ ಅಳತೆ.

ಇಗರ್ಜಿ ಮತ್ತು ಅದರ ಮುಂದಿನ ಬಯಲು ಎಂಬ ಜೋಡಿ ಬ್ರಿಟನ್ನಿನ ಹಳ್ಳಿಗಳಿಂದ ಬಂದದ್ದು. ಸ್ಕಾಟ್‌ಲೆಂಡಿನ ಹಳ್ಳಿಗಳನ್ನೇ ತೆಗೆದುಕೊಳ್ಳಿ. ಅಲ್ಲಿ ಪ್ಯಾರಿಷ್ ಎಂದರೆ ಪೂಜೆಯ ವ್ಯಾಪ್ತಿ ಮಾತ್ರವಲ್ಲ, ನಮ್ಮ ಹೋಬಳಿಯ ಹಾಗೆ ಆಡಳಿತದ ಘಟಕವೂ ಆಗಿತ್ತು. ಬಡವರಿಗೆ ನೆರವು ಕೊಡುವುದೂ ಅದರ ಕೆಲಸ. 1696ರಲ್ಲಿ ಅಲ್ಲಿಯ ಸಂಸತ್ತು ಪ್ರತಿ ಪ್ಯಾರಿಷ್‌ಗೂ ಒಂದು ಶಾಲೆ, ಒಬ್ಬ ಮೇಷ್ಟ್ರು ಇರಬೇಕೆಂದು ಶಾಸನ ಮಾಡಿತು. ಮೇಷ್ಟ್ರ ಸಂಬಳ, ಶಾಲೆಯ ಕಟ್ಟಡ ಅಲ್ಲಿಯ ಜಮೀನುದಾರರ ಹೊಣೆ. ಮುನ್ನೂರು ವರ್ಷದ ಹಿಂದಿನ ಈ ಶಾಸನವನ್ನು ನಾನು ವೃತ್ತಿಮತ್ಸರದಿಂದಲೇ ಓದಿದ್ದೇನೆ. ದೊಡ್ಡ ಹಳ್ಳಿ-ಪೇಟೆಗಳ ಚೌಕದಲ್ಲಿ ಒಂದು ಕಲ್ಲುಕಂಬ ಇರುತ್ತದೆ, ಸಂತೆಯ ಕಂಬ ಎನ್ನಿ. ಸಂತೆ ನಡೆಸುವ ಹಕ್ಕು ಆ ಊರಿಗಿದೆ ಎಂಬುದರ ಗುರುತು. ಅರಸನ ಆಜ್ಞೆಗಳನ್ನು ಸಾರುತ್ತಿದ್ದದ್ದೂ ಅದರ ಬುಡದಲ್ಲೇ.

ಇದನ್ನು ವಿವರಿಸುತ್ತಿದ್ದಾಗ ಯಾದಗಿರಿಯವರು ನಡುವೆ ಬಾಯಿ ಹಾಕಿದರು. ‘ಸರ, ಇದು ನಮ್ಮೂರಾಗೂ ಐತ್ರಿ. ಅಗಸಿ ಒಳಗ ಬಂದ ಕೂಡ್ಲೆ ಕಟ್ಟಿ, ಕಟ್ಟಿ ಮುಂದ ಬಯಲು, ಬಾಜೂಕ ಹಣಮಪ್ಪನ ಗುಡಿ. ಡಂಗುರ ಹೊಡೆಯೋದೂ ಅಲ್ಲೇ, ನ್ಯಾಯ ಮಾಡೋದೂ ಅಲ್ಲೇ.’ ಮಕ್ಕಳೆಲ್ಲ ಅವರತ್ತ ತಿರುಗಿದರು. ಹದಿನೈದು ನಿಮಿಷ ನಾನು ಮಾಡಿದ ಪಾಠವನ್ನು ಅವರು ಎರಡು ವಾಕ್ಯದಲ್ಲಿ ಮುಗಿಸಿಬಿಟ್ಟರು. ಹಳೇ ಮೈಸೂರಿನ ಕಡೆ ಅದೇ ಅರಳಿಕಟ್ಟೆ, ಗುಂಡುತೋಪು. ಅರಳೀಮರದ ಕೆಳಗೆ ನಾಗರಕಲ್ಲು, ಪಂಚಾಯಿತಿ, ಬೇಸಗೆಯಲ್ಲಿ ಬಯಲಾಟ. ಅವರ ಮಗಳು ಅಪ್ಪನ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು. ನಾಚಿಕೆಯೋ ಹೆಮ್ಮೆಯೋ ತಿಳಿಯಲಿಲ್ಲ. ಏಳು ವರ್ಷದಿಂದ ಈ ವೃತ್ತದ ಹೊರಗಿನ ರಸ್ತೆಯಲ್ಲಿ ಹಗಲು ರಾತ್ರಿ ಗಾಡಿ ಓಡಿಸುತ್ತಿದ್ದೇನೆ, ಒಳಗೆ ಬಂದದ್ದು ಇದೇ ಮೊದಲು ಎಂದು ಅವರು ನನಗೆ ಆಮೇಲೆ ಹೇಳಿದರು.

ನಾನೂ ಬಹುಕಾಲ ಒಳಗೆ ಬಂದವನಲ್ಲ. ನಮ್ಮ ಊರು ಇಲ್ಲಿಂದ ಹೊಸಕೋಟೆಯ ಕಡೆಗೆ, ದಕ್ಷಿಣ ಪಿನಾಕಿನಿಯ ಆಚೆ. ನಮ್ಮ ತಂದೆ ಎಪ್ಪತ್ತರ ದಶಕದ ಕೊನೆಗೆ ಸೈಕಲ್ಲಿನಲ್ಲಿ ತರಕಾರಿ ಹೇರಿಕೊಂಡು ವೈಟ್‌ಫೀಲ್ಡಿನ ಮನೆಗಳಿಗೆ ಕೊಡುತ್ತಿದ್ದರು. ಶನಿವಾರ ಶಾಲೆ ಬೆಳಗಿನದಾದ್ದರಿಂದ ಮಧ್ಯಾಹ್ನ ನಾನು ಕ್ಯಾರಿಯರ್ ಮೇಲೆ, ಹುರುಳಿಕಾಯಿ ಚೀಲದ ಮೇಲೆ. ‘ಸುಮ್ಮನೆ ಗೇಟಿನ ಹೊರಗೆ ನಿಂತಿರು’ ಎಂಬುದು ತಂದೆಯ ಆಜ್ಞೆ. ಹೆಂಚಿನ ಮಾಡು, ಮುಂದಕ್ಕೆ ಇಳಿಬಿಟ್ಟ ಮರದ ಪಟ್ಟಿಗಳು, ಹೂಕುಂಡಗಳು. ಒಳಗಿನಿಂದ ಪಿಯಾನೋ ಕೇಳುತ್ತಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ಕೇಳಿದ್ದು ನಾಯಿ ಬೊಗಳುವುದು.

ಒಂದು ಮನೆಯ ವೃದ್ಧೆ ಮಾತ್ರ ನನ್ನನ್ನು ಒಳಗೆ ಕರೆದರು. ತೋಟದ ನಡುವೆ ಒಂದು ತಾಮ್ರದ ಡಬ್ಬಿ, ನೆಲದಿಂದ ಅಡಿಯೆತ್ತರಕ್ಕೆ ನಿಂತಿತ್ತು. ಬಾಯಿಗೆ ಐದು ಅಂಗುಲ ಅಗಲದ ಆಲಿಕೆ. ಅವರು ಆಲಿಕೆ ತೆಗೆದು, ಒಳಗಿನ ನೀರನ್ನು ಗೆರೆ ಎಳೆದ ಗಾಜಿನ ಕೊಳವೆಗೆ ಸುರಿದು, ಬಗ್ಗಿ ಕಣ್ಣಿನ ಮಟ್ಟಕ್ಕೆ ಹಿಡಿದು, ‘ಓದು’ ಎಂದರು. ಕನ್ನಡ-ತಮಿಳು-ಇಂಗ್ಲಿಷ್ ಬೆರೆತ ಮಾತು. ನಾನು ಮೇಲಿನಿಂದ ನೋಡಿ ಏನೋ ಹೇಳಿದೆ. ‘ಹಾಗಲ್ಲ, ನೀರಿನ ತಳದ ಬಿಲ್ಲು ಎಲ್ಲಿದೆ ನೋಡು’ ಎಂದು ನನ್ನ ತಲೆಯನ್ನು ಕೈಯಿಂದ ಒತ್ತಿ ಬಗ್ಗಿಸಿದರು. ಗಾಜಿನ ಕೊಳವೆಯಲ್ಲಿ ನೀರಿನ ಮೇಲ್ಮೈ ಬಾಗಿರುತ್ತದೆ, ಅದರ ಕೆಳಬಿಂದುವನ್ನು ಓದಬೇಕು ಎಂಬ ಪಾಠವನ್ನು ನನಗೆ ಹೇಳಿಕೊಟ್ಟವರು ಆಕೆ. ಮೇಷ್ಟ್ರು ಹೇಳಿದ್ದು ಐದು ವರ್ಷ ಆದಮೇಲೆ. ಪ್ರತಿದಿನ ಬೆಳಿಗ್ಗೆ ಅಳೆದು ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದರು. ಆಕೆಯ ತಂದೆಯೂ ಬರೆಯುತ್ತಿದ್ದರಂತೆ. ಶನಿವಾರ ಮಧ್ಯಾಹ್ನ ಅಳೆದದ್ದು ನನಗೆ ತೋರಿಸಲಿಕ್ಕೆ ಮಾತ್ರ. ನೋಡಿದ ಮೇಲೆ ಆ ನೀರನ್ನು ಮತ್ತೆ ಡಬ್ಬಿಗೇ ಹುಷಾರಾಗಿ ಸುರಿದರು. ಮರುದಿನದ ಲೆಕ್ಕ ತಪ್ಪಬಾರದಲ್ಲ!

ಏಕೆ ಮಳೆ ಅಳೆಯಬೇಕಿತ್ತು ಎಂಬುದು ನನಗೆ ದೊಡ್ಡವನಾದ ಮೇಲೆ ಹೊಳೆಯಿತು. ವೈಟ್‌ಫೀಲ್ಡಿನ ಬೇಸಾಯದ ಕನಸಿಗೆ ಇಲ್ಲಿಯ ಮಳೆಯೇ ಮೊದಲ ಎದುರಾಳಿ. ಇಲ್ಲಿಗೆ ಬಂದವರು ರೈಲ್ವೆ, ತಂತಿ, ಗುಮಾಸ್ತಗಿರಿಯಿಂದ ಬಂದವರು. ಮಣ್ಣಿನ ಕೈ ಅಲ್ಲ. ಕೆಂಪು ನೆಲ, ಕಲ್ಲುಬಂಡೆ, ನದಿ ಕಾಲುವೆಯಿಲ್ಲ. ಮೇ ತಿಂಗಳ ಗುಡುಗಿನ ಮಳೆ, ಆಮೇಲೆ ಆಗಸ್ಟಿನಿಂದ ಅಕ್ಟೋಬರಿನವರೆಗೆ ಬಂದರೆ ಬಂತು. ಸುತ್ತಲಿನ ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿ, ಇಮ್ಮಡಿಹಳ್ಳಿಯ ರೈತರು ಇದೇ ಮಳೆಗೆ ರಾಗಿ ಹಾಕಿ, ಕೆರೆ ಕಟ್ಟಿ ಶತಮಾನಗಳಿಂದ ಬದುಕಿದ್ದರು. ಊರಿಗೆ ಹೊಸಬರಾದವರಿಗೆ ಆ ಲೆಕ್ಕ ಒಂದೆರಡು ತಲೆಮಾರಿನಲ್ಲಿ ಬರುವಂಥದ್ದಲ್ಲ. ಕನಸಿದ್ದ ಕೃಷಿವಸಾಹತು ನಿಧಾನವಾಗಿ ನಿವೃತ್ತರ ಊರಾಯಿತು. ಪಿಂಚಣಿ, ತೋಟ, ಕೋಳಿ, ಭಾನುವಾರದ ಇಗರ್ಜಿ. ಇಂಥದೇ ಇನ್ನೊಂದು ಪ್ರಯತ್ನ 1933ರಲ್ಲಿ, ಇಂದಿನ ಝಾರ್ಖಂಡಿನ ಮೆಕ್‌ಕ್ಲಸ್ಕಿಗಂಜಿನಲ್ಲಿ ನಡೆಯಿತು. ಅಲ್ಲಿಯ ಕತೆಯೂ ಹೆಚ್ಚುಕಡಿಮೆ ಹೀಗೆಯೇ.

1947ರ ನಂತರ ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ಮಕ್ಕಳು ಹೊರಟರು, ಮುದುಕರು ಉಳಿದರು. ನಮ್ಮ ಇಂದಿನ ಎಷ್ಟೋ ಮನೆಗಳ ಹಾಗೆ. ಸಂವಿಧಾನ ಈ ಸಮುದಾಯಕ್ಕೆ ಲೋಕಸಭೆಯಲ್ಲೂ ವಿಧಾನಸಭೆಗಳಲ್ಲೂ ನಾಮಕರಣದ ಸ್ಥಾನ ಕೊಟ್ಟಿತ್ತು. 104ನೇ ತಿದ್ದುಪಡಿಯ ಕಾಲಕ್ಕೆ ಅದನ್ನು ಮುಂದುವರಿಸಲಿಲ್ಲ, 2020ರ ಜನವರಿಗೆ ಅದು ಕೊನೆಗೊಂಡಿತು.

ವೃತ್ತದ ಬಳಿ ವೇವರ್ಲಿ ಇನ್ ಎಂಬ ಹಳೆಯ ಹೋಟೆಲೊಂದರ ಕತೆಯನ್ನು ಇಲ್ಲಿಯವರು ತಪ್ಪದೆ ಹೇಳುತ್ತಾರೆ. ಸೈನ್ಯದ ಯುವ ಅಧಿಕಾರಿಯಾಗಿ 1896ರಲ್ಲಿ ಬೆಂಗಳೂರಿಗೆ ಬಂದಿದ್ದ ವಿನ್‌ಸ್ಟನ್ ಚರ್ಚಿಲ್ ಕುದುರೆ ಏರಿ ಇಲ್ಲಿಗೆ ಬರುತ್ತಿದ್ದ, ಹೋಟೆಲ್ ಯಜಮಾನನ ಮಗಳ ಮೇಲೆ ಅವನಿಗೆ ಮನಸ್ಸಿತ್ತು ಎಂದು. ಚರ್ಚಿಲ್ ಬೆಂಗಳೂರಿನಲ್ಲಿದ್ದದ್ದು ಇತಿಹಾಸ, ಉಳಿದದ್ದು ದಂತಕಥೆ. ಮಕ್ಕಳಿಗೆ ದಂತಕಥೆಯೇ ನೆನಪಿರುತ್ತದೆ. ನನಗೆ ಹಿಡಿಸಿದ್ದು ಹೆಸರು. ‘ವೇವರ್ಲಿ’ ಸ್ಕಾಟ್‌ಲೆಂಡಿನ ವಾಲ್ಟರ್ ಸ್ಕಾಟ್ 1814ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರು. ಎಡಿನ್‌ಬರೋ ನಗರದ ಮುಖ್ಯ ರೈಲು ನಿಲ್ದಾಣದ ಹೆಸರೂ ಅದೇ. ಆ ಊರನ್ನು ಎಂದೂ ಕಾಣದ ಎಷ್ಟೋ ಜನ ಇಲ್ಲಿ ಕೂತು ಅದನ್ನು ‘ಮನೆ’ ಎನ್ನುತ್ತಿದ್ದರು.

ಈಗ ನಮ್ಮ ಮನೆಯ ವಿಷಯ. ತಂದೆಗೆ ಎರಡು ಎಕರೆ ತರಕಾರಿ ತೋಟ, ಒಂದು ತೆರೆದ ಬಾವಿ. ನಾನು ಹುಡುಗನಿದ್ದಾಗ ಆರೇಳು ಮಟ್ಟಿಗೆ ನೀರು, ಕಪಿಲೆಯ ಕಲ್ಲು ಇನ್ನೂ ಇತ್ತು. ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ತೊಂಬತ್ತರ ದಶಕದಲ್ಲಿ ಎದ್ದು ನಿಂತಿತು. ವೈಟ್‌ಫೀಲ್ಡ್ 2007ರಲ್ಲಿ ಮಹಾನಗರ ಪಾಲಿಕೆಯೊಳಗೆ ಸೇರಿತು. ನಮ್ಮೂರಿಗೆ ದಲ್ಲಾಳಿಗಳು ಬಂದದ್ದು ಈ ಎರಡರ ನಡುವೆ. ಅಷ್ಟರಲ್ಲಿ ಬಾವಿ ಬತ್ತಿ, ಕೊಳವೆಬಾವಿ ಕೊರೆಸಿ, ಅದೂ ಬತ್ತಿ, ಇನ್ನೊಂದು ಕೊರೆಸಿ ಸಾಲವಾಗಿತ್ತು. ತಂಗಿಯರ ಮದುವೆ, ತಮ್ಮನ ಇಂಜಿನಿಯರಿಂಗ್ ಸೀಟು. 2004ರಲ್ಲಿ ಮಾರಿದೆವು. ಕೊಂಡವರು ಒಂದು ಷರತ್ತು ಹಾಕಿದರು: ಬಾವಿಯನ್ನು ನಾವೇ ಮುಚ್ಚಿ ಸಮತಟ್ಟು ಮಾಡಿ ಕೊಡಬೇಕು. ಕಾಗದಕ್ಕೆ ತಂದೆಯ ಹೆಬ್ಬೆಟ್ಟು, ನಾವು ಮೂವರು ಗಂಡುಮಕ್ಕಳ ರುಜು. ಮೂರು ದಿನ ಟ್ರ್ಯಾಕ್ಟರಿನಲ್ಲಿ ಕಟ್ಟಡದ ಕಲ್ಲುಮಣ್ಣು ತಂದು ಸುರಿಸಿದವನು ನಾನೇ. ಆ ವಾರ ಶಾಲೆಯಲ್ಲಿ ಎಂಟನೇ ತರಗತಿಗೆ ಜಲಚಕ್ರದ ಪಾಠ ನಡೆಯುತ್ತಿತ್ತು. ರಜೆ ಹಾಕಿರಲಿಲ್ಲ, ಬೆಳಿಗ್ಗೆ ಪಾಠ ಮಾಡಿ ಮಧ್ಯಾಹ್ನ ಬಾವಿ ಮುಚ್ಚಲು ಹೋಗುತ್ತಿದ್ದೆ.

ಮಾರದೆ ಇರಬಹುದಿತ್ತೆ? ಲೆಕ್ಕ ಹಾಕಿ ನೋಡಿದ್ದೇನೆ. ಇರಲಾಗುತ್ತಿರಲಿಲ್ಲ ಎಂದೇ ಬರುತ್ತದೆ. ಬಾವಿ ಮುಚ್ಚದೆ ಇರಬಹುದಿತ್ತೆ ಎಂಬ ಲೆಕ್ಕಕ್ಕೆ ಮಾತ್ರ ನನಗೆ ಒಮ್ಮೆ ಒಂದು ಉತ್ತರ, ಮತ್ತೊಮ್ಮೆ ಇನ್ನೊಂದು ಬರುತ್ತದೆ. ಛಾವಣಿಯ ನೀರು ಇಳಿಸಲು ಆ ಬಾವಿಯೇ ಸಾಕಾಗುತ್ತಿತ್ತು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ ಮಹಾರಾಜರು ಕೊಟ್ಟ 3,900 ಎಕರೆಯ ಮೇಲೆ ಒಂದೇ ಒಂದು ಮಿಲಿಮೀಟರ್ ಬಿದ್ದರೂ ಒಂದೂವರೆ ಕೋಟಿ ಲೀಟರಿಗೂ ಹೆಚ್ಚು. ಈಗ ಅದರಲ್ಲಿ ಬಹುಪಾಲು ಕಾಂಕ್ರೀಟಿನ ಮೇಲೆ ಜಾರಿ, ಚರಂಡಿ ಸೇರಿ, ಕೊಳಚೆಯೊಂದಿಗೆ ಕೆರೆಗೆ ಹೋಗುತ್ತದೆ. ಬೆಳ್ಳಂದೂರು-ವರ್ತೂರು ಕೆರೆಗಳ ನೊರೆ 2015ರಲ್ಲಿ ರಸ್ತೆಗೆ ಹಾರಿ ಬಂದದ್ದನ್ನು ಓದುಗರು ಮರೆತಿರಲಾರರು. ನೆಲಕ್ಕೆ ಇಳಿಯಲು ನೀರಿಗೆ ಬೇಕಾದದ್ದು ತೆರೆದ ಮಣ್ಣು. ಒಳವೃತ್ತದ ಬಯಲಿನಲ್ಲಿ ಅದು ಇನ್ನೂ ಇದೆ.

ಅದು ಉಳಿದದ್ದಕ್ಕೆ ಕಾರಣವೇನು? ನನ್ನ ಅನುಮಾನ, ನಕ್ಷೆಯೇ ಕಾರಣ. ನಮ್ಮ ಎಷ್ಟೋ ಗುಂಡುತೋಪುಗಳು ಊರಂಚಿನಲ್ಲಿದ್ದವು. ಯಾರ ಮನೆಯ ಬಾಗಿಲೂ ಅವುಗಳತ್ತ ತೆರೆಯುತ್ತಿರಲಿಲ್ಲ. ರಾತ್ರೋರಾತ್ರಿ ನಾಲ್ಕು ಕಲ್ಲು ನೆಟ್ಟರೆ ಬೆಳಿಗ್ಗೆ ಕೇಳುವವರಿಲ್ಲ. ಇಲ್ಲಿ ಎಲ್ಲ ಮನೆಯ ಮುಖವೂ ಬಯಲಿನ ಕಡೆ. ಒಂದು ಕಲ್ಲು ನೆಟ್ಟರೂ ಎಲ್ಲ ಕಿಟಕಿಗೂ ಕಾಣುತ್ತದೆ. ಮನೆಗಳು ಮಾತ್ರ ಒಂದೊಂದಾಗಿ ಹೋಗುತ್ತಿವೆ. ಹೆಂಚಿನ ಮಾಡಿದ್ದ ಕಡೆ ಅಂತಸ್ತುಗಳು ಏಳುತ್ತವೆ. ತಾಮ್ರದ ಡಬ್ಬಿಯಿದ್ದ ತೋಟದ ಜಾಗದಲ್ಲಿ ಈಗ ಕಾರು ನಿಲ್ಲುತ್ತದೆ. ಆ ತಾಯಿ ತೀರಿಕೊಂಡ ಮೇಲೆ ಮನೆಯವರು ಆಸ್ಟ್ರೇಲಿಯಾಕ್ಕೆ ಹೋಗುವ ಮುಂಚೆ ಸಾಮಾನು ಮಾರಿದರಂತೆ. ನನಗೆ ಸುದ್ದಿ ತಿಳಿದಿತ್ತು. ಮಳೆಪುಸ್ತಕಗಳನ್ನು ಕೇಳಿ ತರಬೇಕು ಎಂದುಕೊಂಡೆ. ಆಗ ಹೊಸದಾಗಿ ಬಿ.ಎಡ್. ಮುಗಿಸಿದ್ದೆ, ಆದರೂ ಗೇಟಿನ ಹೊರಗೆ ನಿಲ್ಲುವ ಅಭ್ಯಾಸ ಹೋಗಿರಲಿಲ್ಲ. ಹೋಗಲಿಲ್ಲ. ತಲೆಮಾರುಗಳ ಮಳೆ ಯಾವುದೋ ಹಳೇ ಕಾಗದದ ಅಂಗಡಿ ಸೇರಿರಬೇಕು.

ಇದನ್ನೆಲ್ಲ ಇಗರ್ಜಿಯ ಹೊರಗಿನ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಮಕ್ಕಳಿಗೆ ಹೇಳಿದೆ, ಬಾವಿಯ ವಿಷಯವನ್ನೂ ಬಿಡದೆ. ಬೇಡವಾಗಿತ್ತೇನೋ ಎಂದು ಆಮೇಲೆ ಅನಿಸಿತು. ಪರಿಧಿಯನ್ನು ಓಡಿ ಅಳೆದಿದ್ದ ಹುಡುಗ, ‘ನಮ್ಮ ತಾತನೂ ಮುಚ್ಚಿದಾರೆ ಸಾರ್, ಅದರ ಮೇಲೇ ನಮ್ಮ ಬಾಡಿಗೆ ಮನೆಗಳಿರೋದು’ ಎಂದ. ಇನ್ನಿಬ್ಬರು ಕೈ ಎತ್ತಿದರು. ಯಾರೂ ಹೆಚ್ಚು ಮಾತಾಡಲಿಲ್ಲ. ಚಿತ್ರಾನ್ನ ಚೆನ್ನಾಗಿತ್ತು.

ಹಿಂತಿರುಗಿದ ಮೇಲೆ ಉಷ್ಣಮಾಪಕ ಹಿಡಿದಿದ್ದ ಹುಡುಗಿ ಮತ್ತು ಯಾದಗಿರಿಯವರ ಮಗಳು ಸೇರಿ ಶಾಲೆಯ ತಾರಸಿಯ ಮೇಲೆ ಒಂದು ಮಳೆಮಾಪಕ ಇಟ್ಟರು. ಎರಡು ಲೀಟರಿನ ಬಾಟಲಿಯ ಕತ್ತು ಕೊಯ್ದು, ತಲೆಕೆಳಗು ಮಾಡಿ ಆಲಿಕೆಯಂತೆ ಕೂರಿಸಿ, ತಳಕ್ಕೆ ಸಿಮೆಂಟು ಹಾಕಿ ಮಟ್ಟಮಾಡಿ, ಪಕ್ಕಕ್ಕೆ ಸ್ಕೇಲು ಅಂಟಿಸಿದ್ದು. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಿಗ್ಗೆ ಎಂಟೂವರೆಗೆ ಓದಬೇಕು ಎಂದು ಹೇಳಿಕೊಟ್ಟಿದ್ದೇನೆ. ಪ್ರಾರ್ಥನೆಗೆ ಮುಂಚಿನ ಗಂಟೆಗೆ ಅದು ಸರಿಹೋಗುತ್ತದೆ. ಮೊದಲ ಬಾಟಲಿಯನ್ನು ಸ್ವಚ್ಛತಾ ಸಪ್ತಾಹದಲ್ಲಿ ಯಾರೋ ಕಸವೆಂದು ಎಸೆದರು. ಎರಡನೆಯದನ್ನು ಕೋತಿ ಒಯ್ದಿತು. ಈಗ ಇರುವುದು ಮೂರನೆಯದು, ಕಂಬಿಗೆ ತಂತಿ ಸುತ್ತಿ ಕಟ್ಟಿದೆ. ನೂರು ಪುಟದ ನೋಟ್‌ಬುಕ್ಕಿನಲ್ಲಿ ಇಪ್ಪತ್ತಮೂರು ದಿನದ ಲೆಕ್ಕ ಬಂದಿದೆ. ಅದರಲ್ಲಿ ಹದಿನೇಳು ದಿನ ಸೊನ್ನೆ.